ಕಡಲತಡಿಯ ಖಾಲಿ ಮನೆಗಳು, ಕಟ್ಟಿದವರಿಗಿಲ್ಲದ ಸೂರು

ವಿಜಯಪುರ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕು ತಾಲ್ಲೂಕುಗಳಿಗೂ ಕಡಲಿಗೂ ನೂರಾರು ಕಿಲೋಮೀಟರ್ ಅಂತರ. ಆದರೂ ಗೋವಾದ ಕಡಲತೀರದಲ್ಲಿ ಮನೆಗಳ ಬೆಲೆ ಏರಿದಾಗ, ಅಲ್ಲಿ ಹೊಸ ಬಡಾವಣೆಗಳಿಗೆ ಪರವಾನಗಿ ಸಿಕ್ಕಾಗ, ಅಥವಾ ಅಲ್ಲಿನ ಯಾವುದೋ ದಂಡೆಯ ಮೇಲೆ ಬುಲ್ಡೋಜರ್ ಹರಿದಾಗ ಅದರ ಬಿಸಿ ಮೊದಲು ತಟ್ಟುವುದು ಈ ಸೀಮೆಯ ಹಳ್ಳಿ ಮತ್ತು ತಾಂಡಾಗಳಿಗೆ. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿಕೊಂಡು ಗೋವಾ ಬಸ್ಸು ಹತ್ತುವುದು ಇಲ್ಲಿ ಎರಡು ಮೂರು ತಲೆಮಾರುಗಳಿಂದ ನಡೆದುಬಂದಿರುವ ರೂಢಿ. ಹೀಗೆ ಹೋದವರು ಗೌಂಡಿ, ಸೆಂಟ್ರಿಂಗ್, ಗಿಲಾವು, ರಸ್ತೆ ಮತ್ತು ಬಂದರಿನ ಕೆಲಸಗಳಲ್ಲಿ ತೊಡಗಿದರು. ಪ್ರವಾಸಿಗರು ವಾರಾಂತ್ಯ ಕಳೆಯುವ ಮನೆಗಳ ಗೋಡೆ ಎದ್ದಿದ್ದರಲ್ಲಿ ಇವರ ಪಾಲು ದೊಡ್ಡದು.

ಹೀಗೆ ಮನೆ ಕಟ್ಟುವವರಿಗೆ ಆ ಊರುಗಳಲ್ಲಿ ಇರಲು ಮನೆಯಿದೆಯೇ? ಗೋವಾದ ಪ್ರವಾಸಿ ಪಟ್ಟಣಗಳ ಮನೆ ಮಾರುಕಟ್ಟೆಯ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಈ ಪ್ರಶ್ನೆ ಕೇಳಿಬರುವುದು ಅಪರೂಪ. ಹೂಡಿಕೆದಾರ, ದಲ್ಲಾಳಿ, ಸ್ಥಳೀಯ ಭೂಮಾಲೀಕ, ಪರಿಸರ ಹೋರಾಟಗಾರ ಎಲ್ಲರೂ ಅಲ್ಲಿ ಹಾಜರಿರುತ್ತಾರೆ. ದುಡಿಯಲು ಬಂದವನ ವಾಸದ ಮಾತು ಮಾತ್ರ ತೆರವು ಕಾರ್ಯಾಚರಣೆಯ ಸುದ್ದಿಯಾಗಿಯಷ್ಟೇ ಹೊರಬರುತ್ತದೆ.

ಬೈನಾ ಕಲಿಸಿದ ಪಾಠ

2017ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ವಾಸ್ಕೋ ನಗರದ ಬೈನಾ ಕಡಲತೀರದಲ್ಲಿ 55 ಮನೆಗಳನ್ನು ಗೋವಾ ಆಡಳಿತ ನೆಲಸಮ ಮಾಡಿತು. ಅವುಗಳಲ್ಲಿದ್ದವರು ಬಹುತೇಕ ಕನ್ನಡಿಗರು. ಅದು ಮೊದಲ ಸಲವೇನೂ ಆಗಿರಲಿಲ್ಲ. 2004ರ ಜೂನ್‌ನಲ್ಲಿ ಅಲ್ಲಿನ ವೇಶ್ಯಾವಾಟಿಕೆಯನ್ನು ತೆರವುಗೊಳಿಸುವ ಹೆಸರಿನಲ್ಲಿ ದೊಡ್ಡ ಕಾರ್ಯಾಚರಣೆ ನಡೆದಿತ್ತು. 2015ರಲ್ಲಿ ಮತ್ತೊಂದು ಸುತ್ತು ತೆರವಾಯಿತು. ಉಳಿದುಕೊಂಡಿದ್ದ ಮನೆಗಳ ಸರದಿ 2017ರಲ್ಲಿ ಬಂತು.

ಆಗ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದವರು ಸಿದ್ದರಾಮಯ್ಯ, ಗೋವಾದಲ್ಲಿ ಮನೋಹರ ಪರ್ರೀಕರ್. ಕರ್ನಾಟಕದಲ್ಲಿ ಕನ್ನಡಪರ ಸಂಘಟನೆಗಳು ಪ್ರತಿಭಟಿಸಿದವು. ಪುನರ್ವಸತಿಯ ಬೇಡಿಕೆ ಎದ್ದಿತು. ಮಹದಾಯಿ ನೀರಿನ ವಿವಾದ ಕಾವೇರಿದ್ದ ಕಾಲವಾದ್ದರಿಂದ ಎರಡು ರಾಜ್ಯಗಳ ಜಗಳದ ಬಣ್ಣವೂ ಈ ಘಟನೆಗೆ ಅಂಟಿಕೊಂಡಿತು. ಆದರೆ ಬೈನಾವನ್ನು ಭಾಷೆಯ ಜಗಳವೆಂದಷ್ಟೇ ನೋಡಿದರೆ ಅದರ ಹಿಂದಿರುವ ಆರ್ಥಿಕ ಸತ್ಯ ಕಾಣುವುದಿಲ್ಲ.

ಗೋವಾ ಆಡಳಿತದ ವಾದ ಸರಳವಾಗಿತ್ತು. ಆ ಮನೆಗಳು ಅನಧಿಕೃತ, ಕರಾವಳಿ ನಿಯಂತ್ರಣ ವಲಯದ ನಿಯಮಗಳಿಗೆ ವಿರುದ್ಧ, ಮಳೆಗಾಲದಲ್ಲಿ ಅಲೆಗಳ ಹೊಡೆತಕ್ಕೆ ಸಿಕ್ಕುವಂಥವು. ಈ ವಾದವನ್ನು ಸಾರಾಸಗಟಾಗಿ ತಳ್ಳಿಹಾಕಲು ಬರುವುದಿಲ್ಲ. ಕೇಂದ್ರ ಸರಕಾರ 1991ರಲ್ಲಿ ಹೊರಡಿಸಿದ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ, ಅದರ ನಂತರದ 2011 ಮತ್ತು 2019ರ ಅಧಿಸೂಚನೆಗಳು ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿನ ನಿರ್ಮಾಣಗಳನ್ನು ನಿಯಂತ್ರಿಸುತ್ತವೆ. ದಂಡೆಯನ್ನು ಉಳಿಸಬೇಕಾದ ಅಗತ್ಯವೂ ನಿಜವೇ.

ನಿವಾಸಿಗಳಿಗೂ ಒಂದು ವಾದವಿತ್ತು. ಅವರು ನಿನ್ನೆ ಮೊನ್ನೆ ಬಂದವರಲ್ಲ. ಹಲವರು ದಶಕಗಳಿಂದ ಅಲ್ಲಿ ನೆಲೆಸಿದ್ದರು. ವಿದ್ಯುತ್ ಬಿಲ್ಲು, ಮನೆ ಕರ ಕಟ್ಟಿದ ರಶೀದಿ, ಮತದಾರರ ಗುರುತಿನ ಚೀಟಿ ತೋರಿಸುತ್ತಿದ್ದರು. ಮತ ಪಡೆಯುವಾಗ ಊರ್ಜಿತವಾಗಿದ್ದ ವಿಳಾಸ ಮನೆ ಉಳಿಸಿಕೊಳ್ಳುವಾಗ ಊರ್ಜಿತವಾಗಲಿಲ್ಲ. ಈ ವೈರುಧ್ಯವೇ ಬೈನಾ ಬಿಟ್ಟುಹೋದ ಪಾಠ.

ಬೆಲೆ ಏರಿದ್ದು ಹೇಗೆ

ಗೋವಾದ ವಿಸ್ತೀರ್ಣ 3,702 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ 14.58 ಲಕ್ಷ. ವಿಜಯಪುರ ಜಿಲ್ಲೆಯೊಂದೇ ವಿಸ್ತೀರ್ಣದಲ್ಲಿ ಅದರ ಎರಡೂವರೆ ಪಟ್ಟಿಗೂ ದೊಡ್ಡದು. ಜನಸಂಖ್ಯೆಯಲ್ಲೂ 21 ಲಕ್ಷ ದಾಟಿ ಗೋವಾವನ್ನು ಮೀರಿಸುತ್ತದೆ. ಗೋವಾದ ಸಣ್ಣ ಭೂಭಾಗದಲ್ಲಿ ಮೂರನೇ ಒಂದಕ್ಕೂ ಹೆಚ್ಚು ಅರಣ್ಯ. ಉಳಿದುದರಲ್ಲಿ ಗದ್ದೆ, ತೋಟ, ಉಪ್ಪುನೀರಿನ ಖಾಜಣ ಭೂಮಿ, ಗಣಿ ಪ್ರದೇಶ. ಪೋರ್ಚುಗೀಸರ ಕಾಲದಿಂದ ಬಂದ ಕೊಮುನಿದಾದ್ ಎಂಬ ಗ್ರಾಮ ಸಮುದಾಯ ಸಂಸ್ಥೆಗಳ ಒಡೆತನದಲ್ಲೂ ಸಾಕಷ್ಟು ನೆಲವಿದೆ. ಕಾನೂನುಬದ್ಧವಾಗಿ ಮನೆ ಕಟ್ಟಬಹುದಾದ ಜಾಗ ಸೀಮಿತ.

ಬೇಡಿಕೆಗೆ ಮಾತ್ರ ಸೀಮೆಯಿಲ್ಲ. 1961ರಲ್ಲಿ ವಿಮೋಚನೆಗೊಂಡು 1987ರಲ್ಲಿ ರಾಜ್ಯವಾದ ಗೋವಾ, 1983ರ ಕಾಮನ್‌ವೆಲ್ತ್ ನಾಯಕರ ಸಮಾವೇಶದ ನಂತರ ಅಂತರರಾಷ್ಟ್ರೀಯ ಪ್ರವಾಸಿ ನಕ್ಷೆಯಲ್ಲಿ ಸ್ಥಿರವಾಯಿತು. ಬಾಡಿಗೆ ವಿಮಾನಗಳಲ್ಲಿ ವಿದೇಶಿಯರು ಬಂದರು. ಕೊಂಕಣ ರೈಲು ಮುಂಬೈಯನ್ನು ಹತ್ತಿರ ತಂದಿತು. 2023ರ ಜನವರಿಯಲ್ಲಿ ಮೋಪಾದಲ್ಲಿ ಎರಡನೆಯ ವಿಮಾನ ನಿಲ್ದಾಣ ಸೇವೆ ಆರಂಭಿಸಿತು. ಕೋವಿಡ್ ನಂತರ ಮನೆಯಿಂದಲೇ ಕೆಲಸ ಮಾಡುವ ಅವಕಾಶ ಸಿಕ್ಕ ಮಹಾನಗರದ ನೌಕರರು, ಉದ್ಯಮಿಗಳು ಗೋವಾದಲ್ಲಿ ಎರಡನೆಯ ಮನೆ ಹುಡುಕತೊಡಗಿದರು. ಕಲಂಗುಟ್, ಕಾಂದೋಳಿಗಳಂಥ ತೀರದ ಊರುಗಳಲ್ಲದೆ ಅಸಗಾಂವ್, ಶಿವೋಲಿಗಳಂಥ ಒಳಗಿನ ಹಳ್ಳಿಗಳಿಗೂ ದಲ್ಲಾಳಿಗಳು ಕಾಲಿಟ್ಟರು.

ಇಂಥ ಮಾರುಕಟ್ಟೆಯಲ್ಲಿ ಬೆಲೆ ನಿಗದಿಯಾಗುವುದು ಅಲ್ಲಿ ಬದುಕುವವನ ಗಳಿಕೆಯ ಮೇಲಲ್ಲ, ದೂರದಲ್ಲಿರುವ ಕೊಳ್ಳುವವನ ಶಕ್ತಿಯ ಮೇಲೆ. ಪಣಜಿಯ ಶಿಕ್ಷಕನ ಸಂಬಳಕ್ಕೂ ಪಕ್ಕದ ಹಳ್ಳಿಯ ಮನೆಯ ಬೆಲೆಗೂ ಸಂಬಂಧ ಕಡಿದುಹೋಗುತ್ತದೆ. ಅದರ ಮೇಲೆ ದಿನಬಾಡಿಗೆಯ ವ್ಯವಹಾರ ಸೇರಿಕೊಂಡಿದೆ. ವರ್ಷಪೂರ್ತಿ ಸ್ಥಳೀಯ ಕುಟುಂಬಕ್ಕೆ ಬಾಡಿಗೆಗೆ ಕೊಟ್ಟರೆ ಸಿಗುವ ಮೊತ್ತ ಪ್ರವಾಸಿಗರ ಹಂಗಾಮಿನ ಕೆಲವೇ ವಾರಗಳಲ್ಲಿ ಸಿಗುವುದಾದರೆ, ಮಾಲೀಕ ಉಳಿದ ತಿಂಗಳು ಮನೆಗೆ ಬೀಗ ಹಾಕಲು ಹಿಂಜರಿಯುವುದಿಲ್ಲ.

ಇದರ ಫಲ ಅಂಕಿಅಂಶಗಳಲ್ಲೇ ಕಾಣುತ್ತದೆ. 2011ರ ಜನಗಣತಿಯಲ್ಲಿ ಗೋವಾದಲ್ಲಿ ಎಣಿಸಿದ ಮನೆ, ಕಟ್ಟಡಗಳ ಪೈಕಿ ಸುಮಾರು ಐದರಲ್ಲೊಂದು ಖಾಲಿಯಿತ್ತು. ದೇಶದಲ್ಲಿಯೇ ಅತಿ ಹೆಚ್ಚು ಪ್ರಮಾಣದ ಖಾಲಿ ಮನೆಗಳಿದ್ದ ರಾಜ್ಯಗಳ ಸಾಲಿನಲ್ಲಿ ಗೋವಾ ಮುಂದಿತ್ತು. ಎಲ್ಲ ಖಾಲಿ ಮನೆಗಳೂ ಶ್ರೀಮಂತರ ಬಂಗಲೆಗಳಲ್ಲ. ಪೋರ್ಚುಗಲ್, ಬ್ರಿಟನ್, ಕೊಲ್ಲಿ ದೇಶಗಳಿಗೆ ಹೋದ ಗೋವನ್ನರ ಹಳೆಯ ಮನೆಗಳೂ ಅದರಲ್ಲಿವೆ. ಆದರೂ ಒಂದು ಮಾತು ಸ್ಪಷ್ಟ. ಗೋವಾದಲ್ಲಿರುವುದು ಮನೆಗಳ ಕೊರತೆಯಲ್ಲ, ವಾಸಿಸಬೇಕಾದವರ ಕೈಗೆ ಎಟಕುವ ಮನೆಗಳ ಕೊರತೆ.

ಅಡಿಯಲ್ಲಿರುವ ಇನ್ನೊಂದು ಮಾರುಕಟ್ಟೆ

ಜಾಹೀರಾತುಗಳಲ್ಲಿ ಕಾಣುವ ಮಾರುಕಟ್ಟೆಯ ಅಡಿಯಲ್ಲಿ ಮತ್ತೊಂದು ಮಾರುಕಟ್ಟೆಯಿದೆ. ಅದರ ಗಿರಾಕಿಗಳು ಉತ್ತರ ಕರ್ನಾಟಕದ ಕೂಲಿಕಾರರು. ಇತ್ತೀಚಿನ ವರ್ಷಗಳಲ್ಲಿ ಬಿಹಾರ, ಒಡಿಶಾ, ಜಾರ್ಖಂಡ್‌ಗಳಿಂದ ಬಂದವರೂ ಅವರೊಂದಿಗೆ ಸೇರಿದ್ದಾರೆ. 2011ರ ಜನಗಣತಿಯಲ್ಲಿ ಗೋವಾದ ಜನಸಂಖ್ಯೆಯ ಶೇ 4ಕ್ಕಿಂತ ಹೆಚ್ಚು ಮಂದಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದ್ದರು. ಹಂಗಾಮಿಗೆ ಬಂದು ಹೋಗುವವರು ಇಂಥ ಎಣಿಕೆಗೆ ಪೂರ್ಣವಾಗಿ ಸಿಗುವವರಲ್ಲ.

ಈ ಮಾರುಕಟ್ಟೆಯಲ್ಲಿ ಮೂರು ಬಗೆಯ ಸೂರುಗಳಿವೆ. ಮೊದಲನೆಯದು ಕಟ್ಟಡದ ಜಾಗದಲ್ಲೇ ಹಾಕಿಕೊಳ್ಳುವ ತಗಡಿನ ಶೆಡ್ಡು. ಕೆಲಸ ಇರುವವರೆಗೆ ಶೆಡ್ಡು. ಕಟ್ಟಡ ಮುಗಿದ ದಿನ ಶೆಡ್ಡೂ ಮುಗಿಯುತ್ತದೆ. ಎರಡನೆಯದು ಸ್ಥಳೀಯರು ಹಿತ್ತಿಲಿನಲ್ಲಿ ಸಾಲಾಗಿ ಕಟ್ಟಿಸಿದ ಬಾಡಿಗೆ ಖೋಲಿ. ಒಂದು ಖೋಲಿಯಲ್ಲಿ ಒಂದೇ ಊರಿನ ನಾಲ್ಕಾರು ಗಂಡಾಳುಗಳು ಅಥವಾ ಎರಡು ಸಂಸಾರಗಳು ಇರುತ್ತವೆ. ಬಾಡಿಗೆ ಬಹಳ ಕಡೆ ತಲೆ ಲೆಕ್ಕದ ಮೇಲೆ, ಕರಾರುಪತ್ರವಿಲ್ಲದೆ. ಮೂರನೆಯದು ಸರಕಾರಿ ಅಥವಾ ಕೊಮುನಿದಾದ್ ನೆಲದಲ್ಲಿ ಎದ್ದ ವಸಾಹತುಗಳ ಮನೆ. ವಾಸ್ಕೋದ ಬೈನಾ, ಝುವಾರಿನಗರ, ಮಡಗಾಂವದ ಮೋತಿ ಡೊಂಗರ, ಚಿಂಬೆಲ್‌ನ ಇಂದಿರಾನಗರ ಇಂಥ ವಸಾಹತುಗಳಿಗೆ ಹೆಸರಾದವು.

ಮೂರನೆಯ ಬಗೆಯ ಮನೆಯಲ್ಲಿ ಕೊಳ್ಳುವಿಕೆ, ಮಾರುವಿಕೆಯೂ ನಡೆಯುತ್ತದೆ. ಆದರೆ ಇಲ್ಲಿ ಮಾರಾಟವಾಗುವುದು ನೆಲವಲ್ಲ, ಆ ನೆಲದ ಮೇಲೆ ಕೂತಿರುವ ಸ್ವಾಧೀನ. ಬಾಂಡ್ ಪೇಪರಿನ ಮೇಲೊಂದು ಸಹಿ, ಇಬ್ಬರು ಸಾಕ್ಷಿದಾರರು, ಕೈಯಿಂದ ಕೈಗೆ ಹಣ. ನೋಂದಣಿ ಕಚೇರಿಯಲ್ಲಿ ಇಂಥ ವ್ಯವಹಾರಕ್ಕೆ ಜಾಗವಿಲ್ಲ. ಬೆಲೆ ಕಡಿಮೆ, ಅಪಾಯ ಪೂರ್ತಿ. ಹತ್ತು ಹದಿನೈದು ವರ್ಷ ದುಡಿದು ಕೂಡಿಟ್ಟ ಹಣ ಕೊಟ್ಟು ಪಡೆದ ಎರಡು ಖೋಲಿಯ ಮನೆ ಒಂದು ನೋಟಿಸಿನಿಂದ ಶೂನ್ಯವಾಗಬಹುದು. ಬ್ಯಾಂಕು ಅದರ ಮೇಲೆ ಸಾಲ ಕೊಡುವುದಿಲ್ಲ, ವಿಮೆಯಿಲ್ಲ, ತೆರವಾದರೆ ಪರಿಹಾರವೂ ಇಲ್ಲ.

ಅಂದರೆ ಒಂದೇ ಕಡಲತೀರದಲ್ಲಿ ಎರಡು ಮಾರುಕಟ್ಟೆಗಳು. ಮೇಲಿನದರಲ್ಲಿ ಬೆಲೆಯಿರುವುದು ಕಾಗದಕ್ಕೆ. ವಲಯ ಬದಲಾವಣೆಯ ಆದೇಶ, ಪರವಾನಗಿ, ಶುದ್ಧ ಹಕ್ಕು ಇದ್ದರೆ ವರ್ಷದಲ್ಲಿ ಹತ್ತು ದಿನ ಮಾತ್ರ ದೀಪ ಹಚ್ಚುವ ಮನೆಗೂ ಕಾನೂನಿನ ರಕ್ಷಣೆ ಉಂಟು. ಕೆಳಗಿನದರಲ್ಲಿ ವರ್ಷದ ಮುನ್ನೂರು ದಿನ ಒಲೆ ಉರಿಯುವ ಮನೆಗೂ ರಕ್ಷಣೆಯಿಲ್ಲ.

ಸಕ್ರಮದ ದಾರಿ ಮತ್ತು ಅದರ ಗಡಿ

ಗೋವಾ ಸರಕಾರ ಈ ಸಮಸ್ಯೆಗೆ ಕಣ್ಣು ಮುಚ್ಚಿಕೊಂಡಿದೆ ಎನ್ನಲಾಗದು. 2021ರ ಜುಲೈನಲ್ಲಿ ಭೂಮಿಪುತ್ರ ಅಧಿಕಾರಿಣಿ ಮಸೂದೆಯನ್ನು ಅಲ್ಲಿನ ವಿಧಾನಸಭೆ ಅಂಗೀಕರಿಸಿತು. 30 ವರ್ಷ ಗೋವಾದಲ್ಲಿ ನೆಲೆಸಿದವರಿಗೆ, 2019ರ ಏಪ್ರಿಲ್ 1ಕ್ಕೆ ಮೊದಲು ಕಟ್ಟಿಕೊಂಡ 250 ಚದರ ಮೀಟರ್‌ವರೆಗಿನ ವಾಸದ ಮನೆಯ ಒಡೆತನ ಕೊಡುವುದು ಅದರ ಉದ್ದೇಶವಾಗಿತ್ತು. ವಿರೋಧ ಎರಡು ಕಡೆಯಿಂದ ಬಂತು. ಹೊರಗಿನಿಂದ ಬಂದವರಿಗೆ ನೆಲ ಧಾರೆಯೆರೆಯುವ ಹುನ್ನಾರವಿದು ಎಂದು ವಿರೋಧ ಪಕ್ಷಗಳು ದೂರಿದವು. ಭೂಮಿಪುತ್ರರೆಂಬ ಹೆಸರು ತಮಗೇ ಸಲ್ಲಬೇಕೆಂದು ಬುಡಕಟ್ಟು ಸಮುದಾಯಗಳು ಪಟ್ಟು ಹಿಡಿದವು. ಮಸೂದೆಯನ್ನು ರಾಜ್ಯಪಾಲರಿಗೆ ಕಳುಹಿಸುವುದಿಲ್ಲ ಎಂದು ಮುಖ್ಯಮಂತ್ರಿ ಪ್ರಮೋದ್ ಸಾವಂತ್ ಹಿಂದೆ ಸರಿಯಬೇಕಾಯಿತು.

2025ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ತಾನಾಗಿಯೇ ಕೈಗೆತ್ತಿಕೊಂಡ ಪ್ರಕರಣದಲ್ಲಿ, ರಸ್ತೆಬದಿ, ಸರಕಾರಿ ಹಾಗೂ ಕೊಮುನಿದಾದ್ ಜಮೀನುಗಳ ಅಕ್ರಮ ಕಟ್ಟಡಗಳ ವಿರುದ್ಧ ಕ್ರಮಕ್ಕೆ ಆದೇಶಿಸಿತು. ಈ ಆದೇಶ ಕೂಲಿಕಾರರನ್ನಷ್ಟೇ ಅಲ್ಲ, ಸಾವಿರಾರು ಸ್ಥಳೀಯ ಗೋವನ್ನರನ್ನೂ ಆತಂಕಕ್ಕೆ ದೂಡಿತು. ಅದೇ ವರ್ಷದ ಮಳೆಗಾಲದ ಅಧಿವೇಶನದಲ್ಲಿ ಗೋವಾ ವಿಧಾನಸಭೆ ಭೂಕಂದಾಯ ಸಂಹಿತೆಗೆ ತಿದ್ದುಪಡಿ ತಂದಿತು. 2014ರ ಫೆಬ್ರುವರಿ 28ಕ್ಕೆ ಮುಂಚೆ ಸರಕಾರಿ ಜಾಗದಲ್ಲಿ ಎದ್ದ ವಾಸದ ಮನೆಗಳನ್ನು, 15 ವರ್ಷ ರಾಜ್ಯದಲ್ಲಿ ನೆಲೆಸಿದವರ ಹೆಸರಿಗೆ ಸಕ್ರಮಗೊಳಿಸುವುದು ಅದರ ಸಾರ. ಅದನ್ನು ಒಳಗೊಂಡ ‘ಮ್ಹಜೆ ಘರ್’ ಯೋಜನೆಗೆ ಅದೇ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಸಚಿವ ಅಮಿತ್ ಶಾ ಚಾಲನೆ ಕೊಟ್ಟರು.

ಕಾಗದದ ಮೇಲೆ ಇದು ದೊಡ್ಡ ಹೆಜ್ಜೆ. ಆದರೆ ವಿಜಯಪುರ ಜಿಲ್ಲೆಯ ಕೂಲಿಕಾರನ ದೃಷ್ಟಿಯಿಂದ ನೋಡಿದರೆ ಮೂರು ಗೋಡೆಗಳು ಎದುರಾಗುತ್ತವೆ. ಕರಾವಳಿ ನಿಯಂತ್ರಣ ವಲಯ, ಅರಣ್ಯ, ಖಾಜಣ ಪ್ರದೇಶಗಳು ಸಕ್ರಮದ ಹೊರಗೆ. ಬೈನಾದಂಥ ದಂಡೆಯ ಮನೆಗಳಿಗೆ ಆದ್ದರಿಂದ ಇದು ಆಸರೆಯಲ್ಲ. ಎರಡನೆಯದಾಗಿ, 15 ವರ್ಷಗಳ ವಾಸಕ್ಕೆ ಪುರಾವೆ ಬೇಕು. ವರ್ಷದಲ್ಲಿ ಎಂಟು ತಿಂಗಳು ಗೋವಾ, ನಾಲ್ಕು ತಿಂಗಳು ಊರು ಎಂದು ಓಡಾಡುವವನ ಪಡಿತರ ಚೀಟಿ, ಮತದಾರರ ಪಟ್ಟಿಯ ಹೆಸರು ಬಹುತೇಕ ಊರಿನಲ್ಲೇ ಇರುತ್ತವೆ. ಮೂರನೆಯದಾಗಿ, ಬಾಡಿಗೆ ಖೋಲಿಯಲ್ಲಿರುವವನಿಗೆ, ತಗಡಿನ ಶೆಡ್ಡಿನಲ್ಲಿರುವವನಿಗೆ ಸಕ್ರಮಗೊಳಿಸಿಕೊಳ್ಳಲು ಮನೆಯೇ ಇಲ್ಲ. ಒಡೆತನದ ಕಾನೂನಿನಿಂದ ಬಾಡಿಗೆದಾರನ ಸಮಸ್ಯೆ ಬಗೆಹರಿಯದು.

ಗೋವನ್ನರ ಅಳಲನ್ನೂ ಇಲ್ಲಿ ಕೇಳಿಸಿಕೊಳ್ಳಬೇಕು. ಹೊರಗಿನ ಹಣ ಮೇಲಿನಿಂದ, ಹೊರಗಿನ ದುಡಿಮೆ ಕೆಳಗಿನಿಂದ ಒತ್ತುತ್ತಿರುವಾಗ ತಮ್ಮ ಊರಲ್ಲೇ ತಾವು ಅಲ್ಪಸಂಖ್ಯಾತರಾಗುವ ಭಯ ಅವರದು. ಪ್ರತ್ಯೇಕ ಜಮೀನುಗಳ ವಲಯವನ್ನು ಬದಲಿಸಲು ಅವಕಾಶ ಕೊಟ್ಟಿದ್ದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17(2)ನೇ ಕಲಮಿನ ವಿರುದ್ಧ ಹೋರಾಡಿದವರು ಗೋವಾದ ಸಂಘಟನೆಗಳೇ. ಅದರ ನಿಯಮಗಳನ್ನು 2025ರ ಮಾರ್ಚ್‌ನಲ್ಲಿ ಹೈಕೋರ್ಟು ರದ್ದುಪಡಿಸಿತು. ಆದರೆ ಹೊರಗಿನ ಹಣದ ಮೇಲಿನ ಸಿಟ್ಟು ಹೊರಗಿನ ದುಡಿಮೆಯ ಮೇಲೆ ತಿರುಗುವುದು ಸುಲಭ. ಬಂಗಲೆಯ ಕಾಂಪೌಂಡಿಗಿಂತ ಗುಡಿಸಲಿನ ಗೋಡೆ ಬೇಗ ಬೀಳುತ್ತದೆ.

ಊರಿನಲ್ಲೂ ಬೀಗ

ಕಡಲತೀರದಿಂದ ಮರಳಿ ನಾಲ್ಕು ತಾಲ್ಲೂಕುಗಳತ್ತ ಬಂದರೆ ಇನ್ನೊಂದು ಬಗೆಯ ಖಾಲಿ ಮನೆಗಳು ಎದುರಾಗುತ್ತವೆ. ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆಯಿದು. ಭೀಮೆ ಇಂಡಿ, ಸಿಂದಗಿಗಳ ಅಂಚಿನಲ್ಲಿ ಹರಿದರೆ, ಕೃಷ್ಣೆ ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಸೆರಗಿನಲ್ಲಿ ಹರಿಯುತ್ತಾಳೆ. ಆಲಮಟ್ಟಿ ಅಣೆಕಟ್ಟು ಹಿಂದಿನ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿ ತಾಲ್ಲೂಕಿಗೆ ಸೇರಿದೆ. ಮುಳವಾಡ, ಚಿಮ್ಮಲಗಿ, ಗುತ್ತಿಬಸವಣ್ಣ ಏತ ನೀರಾವರಿಗಳ ಹೆಸರು ಹೇಳುತ್ತಲೇ ಎರಡು ತಲೆಮಾರು ಕಳೆದಿದೆ. ನೀರು ಬಂದ ಕಡೆ ಗುಳೆ ತಗ್ಗಿದೆ. ಬಾರದ ಕಡೆ, ತುಂಡುಭೂಮಿಯವರಲ್ಲಿ, ಭೂಮಿಯೇ ಇಲ್ಲದವರಲ್ಲಿ ಗೋವಾ ಬಸ್ಸಿನ ಆಕರ್ಷಣೆ ಹಾಗೆಯೇ ಉಳಿದಿದೆ.

ಗೋವಾದಲ್ಲಿ ದುಡಿದವನ ಮೊದಲ ಕನಸು ಊರಲ್ಲೊಂದು ಪಕ್ಕಾ ಮನೆ. ಮದುವೆ, ಆಸ್ಪತ್ರೆ, ಸಾಲದ ಬಡ್ಡಿ ಕಳೆದು ಉಳಿದುದರಲ್ಲಿ ಒಂದು ವರ್ಷ ಪಾಯ, ಮತ್ತೊಂದು ವರ್ಷ ಗೋಡೆ, ಮೂರನೆಯ ವರ್ಷ ಸ್ಲಾಬು. ಹೀಗೆ ಹಂತ ಹಂತವಾಗಿ ಎದ್ದ ಮನೆಗಳಲ್ಲಿ ವರ್ಷದ ಬಹುಕಾಲ ಇರುವವರು ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು. ಅವರೂ ಇಲ್ಲದಿದ್ದರೆ ಬೀಗ. ಕಡಲತೀರದ ಬಂಗಲೆ ಖಾಲಿಯಿರುವುದು ಅದರ ಒಡೆಯ ಮುಂಬೈ, ದಿಲ್ಲಿಯಲ್ಲಿ ಇರುವುದರಿಂದ. ತಾಂಡಾದ ಮನೆ ಖಾಲಿಯಿರುವುದು ಅದರ ಒಡೆಯ ಆ ಬಂಗಲೆ ಕಟ್ಟಲು ಹೋಗಿರುವುದರಿಂದ. ಎರಡು ಬೀಗಗಳ ನಡುವೆ ಆ ಒಡೆಯನ ಸಂಸಾರ ತಗಡಿನ ಶೆಡ್ಡಿನಲ್ಲಿ ದಿನ ದೂಡುತ್ತದೆ.

ಕಾಗದದ ಬೆಲೆ ಏನೆಂಬುದಕ್ಕೆ ಈ ಸೀಮೆಯಲ್ಲೇ ಎರಡು ನಿದರ್ಶನಗಳಿವೆ. ಒಂದು ಆಲಮಟ್ಟಿಯದು. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವಾಗ ಮುಳುಗಡೆಯಾಗುವ ಜಮೀನಿಗೆ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ದರ ನಿಗದಿ ಮಾಡಿತು. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಭೂಮಿಗೆ 30 ಲಕ್ಷ ರೂಪಾಯಿ. ಉತಾರದಲ್ಲಿ ಹೆಸರಿದ್ದವನಿಗೆ ಈ ದರ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ ಎಕರೆ ಲೆಕ್ಕದ ಈ ಹಣದಲ್ಲಿ ಪಾಲಿಲ್ಲ. ಅವನ ಮುಂದೆ ಉಳಿಯುವುದು ಗುಳೆಯ ದಾರಿ.

ಇನ್ನೊಂದು ನಿದರ್ಶನ ತಾಂಡಾಗಳದು. ಕಂದಾಯ ದಾಖಲೆಯಲ್ಲಿ ಊರೆಂದೇ ನಮೂದಾಗದಿದ್ದ ಲಂಬಾಣಿ ತಾಂಡಾ, ಹಟ್ಟಿ, ದೊಡ್ಡಿಗಳನ್ನು ಕಂದಾಯ ಗ್ರಾಮಗಳಾಗಿಸಿ, ಅಲ್ಲಿ ವಾಸಿಸುವವರಿಗೇ ಮನೆಯ ಒಡೆತನ ಕೊಡುವಂತೆ ಕರ್ನಾಟಕ ತನ್ನ ಭೂಸುಧಾರಣಾ ಕಾನೂನಿಗೆ ತಿದ್ದುಪಡಿ ತಂದಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಮತ್ತು ವಿಜಯಪುರ ಜಿಲ್ಲೆಗಳಲ್ಲಿ ಇಂಥ ಸುಮಾರು 1,475 ವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಲಾಯಿತು. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಸುಮಾರು 50 ಸಾವಿರ ಫಲಾನುಭವಿಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ನೀಡಿದರು. ತಲೆತಲಾಂತರದಿಂದ ಬೇರೊಬ್ಬರ ಹೆಸರಿನ ನೆಲದಲ್ಲಿ ಬದುಕಿದ ಜನರಿಗೆ ‘ವಾಸವೇ ಹಕ್ಕು’ ಎಂಬ ತತ್ವವನ್ನು ಸರಕಾರವೇ ಒಪ್ಪಿಕೊಂಡ ಸಂದರ್ಭವಿದು. ಅದೇ ಜನ ಘಟ್ಟ ಇಳಿದು ಕಡಲತೀರಕ್ಕೆ ಹೋದಾಗ ಆ ತತ್ವ ಅವರ ಹಿಂದೆ ಹೋಗುವುದಿಲ್ಲ.

ಕಾನೂನು ಇತ್ತು, ಸೂರು ಬರಲಿಲ್ಲ

ಕಟ್ಟಡ ಕಾರ್ಮಿಕರ ವಸತಿಯ ಬಗ್ಗೆ ಕಾನೂನಿನ ಕೊರತೆಯಿರಲಿಲ್ಲ. 1996ರ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆಯ 34ನೇ ಕಲಮು, ಕೆಲಸದ ಜಾಗದಲ್ಲಿ ಅಥವಾ ಅದರ ಸಮೀಪ ಉಚಿತ ತಾತ್ಕಾಲಿಕ ವಸತಿ, ಅಡುಗೆ, ಸ್ನಾನ, ಶೌಚದ ಸೌಕರ್ಯಗಳನ್ನು ಮಾಲೀಕ ಒದಗಿಸಬೇಕೆಂದು ಸ್ಪಷ್ಟವಾಗಿ ಹೇಳಿತ್ತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯೂ ವಸತಿಯ ಹೊಣೆ ಹೊರಿಸಿತ್ತು. ಆದರೆ ಅದು ಗುತ್ತಿಗೆದಾರನ ಮೂಲಕ ಬಂದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಅಣ್ಣನ ಹಿಂದೆ ತಮ್ಮ, ಮಾವನ ಹಿಂದೆ ಅಳಿಯ ಎಂದು ತಾವಾಗಿಯೇ ಹೋಗುವ ಈ ಭಾಗದ ಜನರಿಗೆ ಅದು ದಕ್ಕಲಿಲ್ಲ.

ಈ ಎರಡೂ ಕಾಯ್ದೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಲೀನವಾದವು. ಔದ್ಯೋಗಿಕ ಸುರಕ್ಷತೆಯ ಸಂಹಿತೆ ತಾವಾಗಿಯೇ ಬಂದು ಕೆಲಸಕ್ಕೆ ಸೇರಿದವರನ್ನೂ ಅಂತರರಾಜ್ಯ ವಲಸೆ ಕಾರ್ಮಿಕರೆಂದು ಗುರುತಿಸುತ್ತದೆ. ಇದು ಸ್ವಾಗತಾರ್ಹ. ಆದರೆ ಹತ್ತಕ್ಕಿಂತ ಕಡಿಮೆ ಆಳುಗಳಿರುವ ಕೆಲಸಗಳು ಅದರ ಬಹುಪಾಲು ಕಟ್ಟುಪಾಡುಗಳಿಂದ ಹೊರಗುಳಿಯುತ್ತವೆ. ಪ್ರವಾಸಿ ಹಳ್ಳಿಗಳ ಬಂಗಲೆಗಳನ್ನು ಕಟ್ಟುವ ತಂಡಗಳು ಅನೇಕ ವೇಳೆ ಅಷ್ಟೇ ಸಣ್ಣವು. ಒಬ್ಬ ಮುಕಾದಮ, ಆರೇಳು ಆಳು. ಕಾನೂನಿನ ಕಣ್ಣಿಗೆ ಅವರು ಬೀಳುವುದಿಲ್ಲ.

ಬಾಡಿಗೆ ವಸತಿಯ ಯೋಜನೆಗಳೂ ಬಂದವು. 2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ಬಾಡಿಗೆ ಕೊಡಲಾಗದೆ ಕೂಲಿಕಾರರು ರಸ್ತೆಗಿಳಿದಾಗ ದೇಶ ಬೆಚ್ಚಿತು. ಆಗ ಗೋವಾದಲ್ಲಿ ಸಿಲುಕಿದ ಉತ್ತರ ಕರ್ನಾಟಕದವರೂ ಊರು ಸೇರಲು ಪರದಾಡಿದರು. ಅದೇ ಜುಲೈನಲ್ಲಿ ಕೇಂದ್ರ ಸರಕಾರ ಕೈಗೆಟಕುವ ಬಾಡಿಗೆ ವಸತಿ ಸಮುಚ್ಚಯ ಯೋಜನೆ ಪ್ರಕಟಿಸಿತು. 2024ರ ಸೆಪ್ಟೆಂಬರ್‌ನಿಂದ ನಡೆಯುತ್ತಿರುವ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಎರಡನೆಯ ಹಂತದಲ್ಲೂ ಬಾಡಿಗೆ ಮನೆಗಳಿಗೆ ಪ್ರತ್ಯೇಕ ವಿಭಾಗವಿದೆ. ಹಣದ ದಾರಿ ಇದೆ, ಚೌಕಟ್ಟೂ ಇದೆ. ಪ್ರವಾಸಿ ಪಟ್ಟಣಗಳಲ್ಲಿ ಅದಕ್ಕೆ ಬೇಕಾದ ಜಾಗ ಕೊಡಲು ಆಡಳಿತಕ್ಕೆ ಮನಸ್ಸು ಬರಬೇಕು. ಒಂದು ಎಕರೆಯನ್ನು ರೆಸಾರ್ಟಿಗೆ ಕೊಟ್ಟರೆ ಬರುವ ಆದಾಯದ ಮುಂದೆ ಕೂಲಿಕಾರರ ವಸತಿ ಗೃಹ ನಷ್ಟದ ಬಾಬ್ತೆಂದು ತೋರುವುದರಿಂದ ಆ ಮನಸ್ಸು ಸುಲಭವಾಗಿ ಬರುವಂಥದ್ದಲ್ಲ.

ಮಾಡಬೇಕಾದುದೇನು

ಮೊದಲ ಹೊಣೆ ಗೋವಾದ್ದು. ದೊಡ್ಡ ವಸತಿ ಯೋಜನೆಗೆ ಪರವಾನಗಿ ಕೊಡುವಾಗ ವಾಹನ ನಿಲುಗಡೆಗೆ, ಒಳಚರಂಡಿಗೆ ಜಾಗ ತೋರಿಸಬೇಕೆಂಬ ಷರತ್ತಿರುವಂತೆ ಕಾರ್ಮಿಕರ ವಸತಿಗೂ ಜಾಗ ತೋರಿಸಬೇಕೆಂಬ ಷರತ್ತನ್ನು ಸೇರಿಸಬಹುದು. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಪ್ರತಿ ಕಟ್ಟಡದಿಂದ ವಸೂಲಾಗುವ ಸೆಸ್ ಹಣದ ಒಂದು ಪಾಲನ್ನು ಬಾಡಿಗೆ ವಸತಿಗೃಹಗಳಿಗೆ ಮೀಸಲಿಡಬಹುದು. ವರ್ಷದ ಬಹುಕಾಲ ಖಾಲಿ ಬೀಳುವ ಎರಡನೆಯ ಮನೆಗಳ ಮೇಲೆ ಹೆಚ್ಚಿನ ಕರ ಹಾಕುವುದು ಹೊಸ ವಿಚಾರವೇನಲ್ಲ; ಕೆನಡಾದ ವ್ಯಾಂಕೂವರ್ ನಗರ 2017ರಿಂದ ಖಾಲಿ ಮನೆಗಳಿಗೆ ಇಂಥ ಕರ ವಿಧಿಸುತ್ತಿದೆ. ಅದರಿಂದ ಕೂಲಿಕಾರನಿಗಷ್ಟೇ ಅಲ್ಲ, ಬೆಲೆಯೇರಿಕೆಯಿಂದ ಕಂಗೆಟ್ಟ ಗೋವಾದ ಮಧ್ಯಮ ವರ್ಗಕ್ಕೂ ಲಾಭ. ಈ ಇಬ್ಬರ ಹಿತಾಸಕ್ತಿ ಒಂದೇ ಎಂಬುದನ್ನು ಅಲ್ಲಿನ ರಾಜಕಾರಣ ಇನ್ನೂ ಮನಗಾಣಬೇಕಿದೆ.

ಕರ್ನಾಟಕದ ಹೊಣೆಯೂ ಕಡಿಮೆಯಲ್ಲ. ಯಾವ ಊರಿನಿಂದ ಎಷ್ಟು ಮಂದಿ, ಯಾವ ತಿಂಗಳು, ಯಾವ ಪಟ್ಟಣಕ್ಕೆ ಹೋಗುತ್ತಾರೆ ಎಂಬ ಲೆಕ್ಕ ಗ್ರಾಮ ಪಂಚಾಯಿತಿಯಲ್ಲಿ ಇರಬೇಕು. ಆ ದಾಖಲೆಯೇ ಮುಂದೆ ವಾಸದ ಪುರಾವೆಯಾಗಿ ನೆರವಿಗೆ ಬರಬಲ್ಲದು. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಗೆ 2020ರ ಜನವರಿ 1ರಂದು ಸೇರಿದ 12 ರಾಜ್ಯಗಳಲ್ಲಿ ಕರ್ನಾಟಕ, ಗೋವಾ ಎರಡೂ ಇದ್ದವು. ಅಕ್ಕಿ ಗಡಿ ದಾಟಿ ಸಿಗುವುದಾದರೆ ಕಾರ್ಮಿಕ ಮಂಡಳಿಯ ಸೌಲಭ್ಯವೂ ಗಡಿ ದಾಟಬಹುದು. ಅದಕ್ಕೆ ಎರಡು ಸರಕಾರಗಳ ನಡುವೆ ಒಪ್ಪಂದ ಬೇಕು. ಊರಿನಲ್ಲಿ ಸರಕಾರಿ ವಸತಿ ಯೋಜನೆಯ ಮನೆ ಮಂಜೂರಾದರೂ ಪಾಯ, ಗೋಡೆ, ಚಾವಣಿ ಎಂದು ಹಂತಹಂತವಾಗಿ ಬರುವ ಕಂತುಗಳಿಗೆ ಒಡೆಯ ಊರಲ್ಲೇ ಹಾಜರಿರಬೇಕಾಗುತ್ತದೆ. ಗುಳೆ ಹೋದವರಿಗೆ ಈ ಗಡುವುಗಳಲ್ಲಿ ಸಡಿಲಿಕೆ ಕೊಡುವುದು ಕಷ್ಟದ ಮಾತಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಗೋವಾಕ್ಕೆ ಬುದ್ಧಿ ಹೇಳುವ ಮೊದಲು ಕರ್ನಾಟಕ ತನ್ನದೇ ಕರಾವಳಿಯತ್ತ ನೋಡಿಕೊಳ್ಳಬೇಕು. ಮಂಗಳೂರು, ಉಡುಪಿ, ಮಣಿಪಾಲಗಳ ಕಟ್ಟಡಗಳನ್ನು ಕಟ್ಟಿದವರಲ್ಲೂ ವಿಜಯಪುರ, ಬಾಗಲಕೋಟೆ, ಕೊಪ್ಪಳ, ಗದಗ ಜಿಲ್ಲೆಗಳವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಗೋಕರ್ಣ, ಮುರ್ಡೇಶ್ವರ, ಮಲ್ಪೆಗಳು ಪ್ರವಾಸಿ ಪಟ್ಟಣಗಳಾಗಿ ಬೆಳೆಯುತ್ತಿವೆ. ಅಲ್ಲಿಯೂ ರಸ್ತೆಬದಿಯ ಜೋಪಡಿ, ತಗಡಿನ ಶೆಡ್ಡುಗಳದೇ ಕಥೆ. ಭಾಷೆ ಒಂದೇ, ರಾಜ್ಯ ಒಂದೇ ಆದರೂ ಸೂರಿನ ಪರಿಸ್ಥಿತಿ ಬೇರೆಯಲ್ಲ. ಬೈನಾದ ಕನ್ನಡಿಗರಿಗೆ ಪುನರ್ವಸತಿ ಕೇಳುವ ನೈತಿಕ ಬಲ ಬರಬೇಕಾದರೆ ಮಲ್ಪೆಯ ಕನ್ನಡಿಗ ಕೂಲಿಕಾರನಿಗೊಂದು ಖೋಲಿ ಮೊದಲು ಸಿಗಬೇಕು.

ಪ್ರವಾಸೋದ್ಯಮ ಬೆಳೆಯಲಿ, ಕಡಲತೀರದ ಪಟ್ಟಣಗಳು ಹಣ ಗಳಿಸಲಿ. ಅದರಿಂದ ಒಣಸೀಮೆಯ ಮನೆಗಳಲ್ಲೂ ಒಲೆ ಉರಿಯುತ್ತದೆ ಎಂಬುದನ್ನು ಮರೆಯಲಾಗದು. ಆದರೆ ಒಂದು ಪಟ್ಟಣದ ಮನೆ ಮಾರುಕಟ್ಟೆಯನ್ನು ಅಲ್ಲಿನ ಚದರಡಿಯ ಬೆಲೆಯಿಂದ ಮಾತ್ರ ಅಳೆಯುವ ರೂಢಿ ತಪ್ಪಬೇಕು. ರಾತ್ರಿಯಾದಾಗ ಎಷ್ಟು ಮನೆಗಳಲ್ಲಿ ದೀಪವಿಲ್ಲ, ಎಷ್ಟು ಜನರಿಗೆ ಮನೆಯಿಲ್ಲ ಎಂಬ ಎರಡು ಲೆಕ್ಕಗಳನ್ನು ಒಟ್ಟಿಗಿಟ್ಟು ನೋಡಿದಾಗ ಮಾತ್ರ ನಿಜವಾದ ಚಿತ್ರ ಸಿಗುತ್ತದೆ. ಬರುವ ಮಳೆಗಾಲ ಮುಗಿದು ಇಂಡಿ, ಸಿಂದಗಿಯ ನಿಲ್ದಾಣಗಳಿಂದ ಮತ್ತೆ ಗೋವಾ ಬಸ್ಸುಗಳು ಹೊರಡುವ ಮುನ್ನ ಎರಡೂ ಸರಕಾರಗಳು ಈ ಲೆಕ್ಕ ತೆಗೆಯುವ ಕೆಲಸವನ್ನಾದರೂ ಆರಂಭಿಸಬೇಕು.